ಇಂದಿನ ಧಮ್ಮ ಚಿಂತನೆ: ಜಾಗವಿಲ್ಲ ಎನ್ನುವ ಮುನ್ನ



1939ರ ಸೆಪ್ಟೆಂಬರ್ 1. ಯುದ್ಧದ ಭಯಕ್ಕೆ ಲಂಡನ್ನಿನ ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸತೊಡಗಿದರು. ಸಾಕಿದ ನಾಯಿ, ಬೆಕ್ಕು ಜೊತೆಗೆ ಹೋಗುವಂತಿರಲಿಲ್ಲ. ಒಂದು ವಾರದೊಳಗೆ, ಊರಿಗೆ ಬಾಂಬು ಬೀಳುವ ಮೊದಲೇ, ಜನ ತಾವು ಸಾಕಿದ ಲಕ್ಷಾಂತರ ಪ್ರಾಣಿಗಳನ್ನು ಪಶುವೈದ್ಯರ ಬಳಿ ಒಯ್ದು ಕೊಲ್ಲಿಸಿದರು. ಅವರು ಕ್ರೂರಿಗಳಲ್ಲ, ಹೆದರಿದವರು.

2022ರಲ್ಲಿ ಉಕ್ರೇನಿನಲ್ಲಿ ಓದುತ್ತಿದ್ದ ನಮ್ಮ ಮಕ್ಕಳೂ ಹೆದರಿದ್ದರು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ನವೀನ್ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಅಂಥ ದಿನಗಳಲ್ಲೂ ಭಾರತದ ಕೆಲವು ವಿದ್ಯಾರ್ಥಿಗಳು ಸಾಕಿದ ನಾಯಿ, ಬೆಕ್ಕನ್ನು ಎದೆಗವಚಿಕೊಂಡೇ ಗಡಿ ದಾಟಿದರು. ನಮ್ಮ ಸರ್ಕಾರವೂ ಪ್ರಾಣಿಗಳನ್ನು ತರುವ ನಿಯಮವನ್ನು ಅವರಿಗಾಗಿ ಸಡಿಲಿಸಿತು.

ಇದನ್ನು ತರಗತಿಯಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಕೆಲವು ವರ್ಷಗಳ ಹಿಂದೆ, ಸಾಲಗಾಮೆಯಲ್ಲಿ ಜಡಿಮಳೆ ಹಿಡಿದಿದ್ದ ದಿನ, ಒಬ್ಬ ಹುಡುಗಿ ಬ್ಯಾಗಿನಲ್ಲಿ ನಾಯಿಮರಿ ತಂದಿದ್ದಳು.

"ಹೊರಗೆ ಬಿಟ್ಟು ಬಾ" ಅಂದೆ.

"ನೆನೆದೋಗುತ್ತೆ ಸಾರ್."

ನಾನು ಒಪ್ಪಲಿಲ್ಲ. ಅವಳು ಮರಿಯ ಜೊತೆ ಹೊರಗಿನ ಜಗಲಿಯಲ್ಲೇ ಕೂತಳು. ನಾನು ಒಳಗೆ ಪದ್ಯ ವಿವರಿಸುತ್ತಿದ್ದೆ. ಮೂಲೆಯಲ್ಲಿ ಒಂದು ಗೋಣಿಚೀಲದಷ್ಟು ಜಾಗ ಸಾಕಿತ್ತು.

ತಾಯಿಗೆ ತನ್ನ ಒಂದೇ ಮಗುವಿನ ಮೇಲಿರುವ ಮನಸ್ಸು ಎಲ್ಲ ಜೀವಿಗಳ ಮೇಲೂ ಇರಲಿ ಎಂಬುದು ಮೆತ್ತಸುತ್ತದ ಸಾರ. ನೆಮ್ಮದಿಯ ದಿನ ಮೈತ್ರಿ ಸುಲಭ. ಭಯ ಬಂದಾಗ, ನಿಯಮ ಅಡ್ಡ ನಿಂತಾಗ ಅದರ ಪರೀಕ್ಷೆ. ಆ ದಿನ ನಾನು ಫೇಲಾದೆ, ಆ ಹುಡುಗಿ ಪಾಸಾದಳು.

ಇಂದಿನ ಅಭ್ಯಾಸ: ಯಾರಿಗಾದರೂ "ಜಾಗವಿಲ್ಲ" ಎನ್ನುವ ಮುನ್ನ ಮೂರು ಉಸಿರು ಗಮನಿಸಿ. ಆಮೇಲೆ ಮೂಲೆಯ ಕಡೆ ಇನ್ನೊಮ್ಮೆ ನೋಡಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. 🙏