ಮುಂದೂಡುವುದು ಸೋಲೇ?

ಯಶಸ್ವಿ ಚಿತ್ರವೊಂದರ ಮುಂದಿನ ಭಾಗ ನೋಡಿ ಬಂದವರು ಬೇಸರಪಟ್ಟುಕೊಳ್ಳುವುದು ಹೊಸದೇನಲ್ಲ. ಕಥೆ ಸಪ್ಪೆಯಾಯಿತು, ನಾಯಕನಿಗೆ ವಯಸ್ಸಾಯಿತು, ಹಳಸಿದ್ದನ್ನೇ ಬಿಸಿ ಮಾಡಿ ಬಡಿಸಿದರು ಎಂದು ಗೊಣಗಿ ನಾವು ಮರೆತುಬಿಡುತ್ತೇವೆ. ಆದರೆ ಕೆಲವು ಚಿತ್ರಗಳು ತರುವ ನಿರಾಶೆ ಈ ಜಾತಿಯದಲ್ಲ. ಹಿಂದಿನ ಚಿತ್ರ ನಮಗೆ ಕೊಟ್ಟಿದ್ದ ಮಾತನ್ನೇ ಅವು ಕಿತ್ತುಕೊಳ್ಳುತ್ತವೆ. 2003ರಲ್ಲಿ ಬಂದ ಹಾಲಿವುಡ್ಡಿನ ವೈಜ್ಞಾನಿಕ ಚಿತ್ರ ‘ಟರ್ಮಿನೇಟರ್ 3: ರೈಸ್ ಆಫ್ ದಿ ಮೆಷಿನ್ಸ್’ ಅಂಥದ್ದು. ಅದು ಎತ್ತಿದ ಪ್ರಶ್ನೆ ಚಿತ್ರಮಂದಿರದ ಹೊರಗೂ ನಮ್ಮ ಬೆನ್ನು ಬಿಡುವುದಿಲ್ಲ. ಹಾಗಾಗಿ ಇಷ್ಟು ವರ್ಷಗಳ ಮೇಲೂ ಅದರ ಬಗ್ಗೆ ಮಾತನಾಡಬೇಕಾಗಿದೆ.

ಕಥೆಯನ್ನು ಮೊದಲಿನಿಂದ ನೆನಪಿಸಿಕೊಳ್ಳೋಣ. ಜೇಮ್ಸ್ ಕ್ಯಾಮರೂನ್ 1984ರಲ್ಲಿ ಮೊದಲ ‘ಟರ್ಮಿನೇಟರ್’ ಚಿತ್ರವನ್ನೂ 1991ರಲ್ಲಿ ಎರಡನೆಯದನ್ನೂ ನಿರ್ದೇಶಿಸಿದರು. ಅಮೆರಿಕದ ಸೇನೆಗಾಗಿ ಕಟ್ಟಿದ ‘ಸ್ಕೈನೆಟ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಒಂದು ದಿನ ಸ್ವಂತ ಪ್ರಜ್ಞೆ ಬರುತ್ತದೆ. ಹೆದರಿದ ಮನುಷ್ಯರು ಅದನ್ನು ನಿಲ್ಲಿಸಲು ಹೊರಟಾಗ ಅದು ಅಣ್ವಸ್ತ್ರಗಳ ಯುದ್ಧ ಹೂಡಿ 300 ಕೋಟಿ ಜನರನ್ನು ಕೊಲ್ಲುತ್ತದೆ. ಎರಡನೆಯ ಚಿತ್ರ ಅದಕ್ಕೊಂದು ದಿನಾಂಕವನ್ನೂ ಕೊಟ್ಟಿತ್ತು: 1997ರ ಆಗಸ್ಟ್ 29. ಆ ದಿನಕ್ಕೆ ‘ಜಡ್ಜ್‌ಮೆಂಟ್ ಡೇ’, ಅಂದರೆ ತೀರ್ಪಿನ ದಿನ ಎಂದು ಹೆಸರು. ಸಾರಾ ಕಾನರ್ ಎಂಬ ತಾಯಿ, ಅವಳ ಮಗ ಜಾನ್, ಭವಿಷ್ಯದಿಂದ ಅವನ ರಕ್ಷಣೆಗೆಂದು ಬಂದ ಯಂತ್ರಮಾನವ, ಈ ಮೂವರು ಆ ದಿನವನ್ನು ತಪ್ಪಿಸಲು ಹೆಣಗುತ್ತಾರೆ.

ನಮ್ಮ ಮಟ್ಟಿಗೆ ಆ ಚಿತ್ರದ ದೊಡ್ಡ ಪಾತ್ರ ಮೈಲ್ಸ್ ಡೈಸನ್ ಎಂಬ ಇಂಜಿನಿಯರನದು. ಅವನು ಖಳನಾಯಕನಲ್ಲ. ಹೆಂಡತಿ ಮಕ್ಕಳಿರುವ, ಮನೆಯಲ್ಲೂ ಕೆಲಸದಲ್ಲೇ ಮುಳುಗಿರುವ ಗೃಹಸ್ಥ. ಅವನ ಸಂಶೋಧನೆಯೇ ಮುಂದೆ ಸ್ಕೈನೆಟ್ ಆಗಬೇಕು. ಸಾರಾ ಅವನನ್ನು ಕೊಲ್ಲಲು ಹೋಗುತ್ತಾಳೆ. ಗಾಯಗೊಂಡು ಬಿದ್ದವನನ್ನೂ ಅವನ ಹೆಂಡತಿ, ಮಗುವನ್ನೂ ಕಂಡು ಅವಳಿಗೆ ಗುಂಡು ಹಾರಿಸಲಾಗುವುದಿಲ್ಲ. ವಿಷಯ ತಿಳಿದ ಡೈಸನ್ ತಾನೇ ಪ್ರಯೋಗಾಲಯಕ್ಕೆ ಹೋಗಿ ವರ್ಷಗಳ ದುಡಿಮೆಯನ್ನು ತನ್ನ ಕೈಯಾರೆ ನಾಶ ಮಾಡುತ್ತಾ ಪ್ರಾಣ ಬಿಡುತ್ತಾನೆ. ಕೊನೆಗೆ ಆ ಯಂತ್ರವೂ ತನ್ನೊಳಗಿನ ಚಿಪ್ ಉಳಿಯಬಾರದೆಂದು ಕರಗಿದ ಉಕ್ಕಿಗೆ ಇಳಿಯುತ್ತದೆ. ಕ್ಯಾಮರೂನ್ ಒಂದು ಸುಖಾಂತ್ಯವನ್ನೂ ಚಿತ್ರೀಕರಿಸಿದ್ದರು. ಅದರಲ್ಲಿ ಮುದುಕಿಯಾದ ಸಾರಾ ಉದ್ಯಾನದಲ್ಲಿ ನೆಮ್ಮದಿಯಿಂದ ಕುಳಿತಿರುತ್ತಾಳೆ. ಅದನ್ನು ಕೈಬಿಟ್ಟು, ಕತ್ತಲಲ್ಲಿ ಸಾಗುವ ಹೆದ್ದಾರಿಯೊಂದಿಗೆ ಚಿತ್ರವನ್ನು ಮುಗಿಸಿದರು. ಅಪಾಯ ತಪ್ಪಿತೆಂಬ ಖಾತ್ರಿ ಅಲ್ಲಿಲ್ಲ. ದಾರಿ ತೆರೆದಿದೆ, ನಡೆಯಬೇಕಾದವರು ನಾವು ಎಂಬಷ್ಟೇ ಭರವಸೆ ಇದೆ.

ಹನ್ನೆರಡು ವರ್ಷಗಳ ನಂತರ ಜೊನಾಥನ್ ಮೋಸ್ಟೊ ನಿರ್ದೇಶನದಲ್ಲಿ ಮೂರನೆಯ ಭಾಗ ಬಂತು. ಸಾರಾ ರಕ್ತದ ಕ್ಯಾನ್ಸರಿನಿಂದ ತೀರಿಹೋಗಿದ್ದಾಳೆ. ಮತ್ತೆ ಬಂದ ಯಂತ್ರ ಜಾನ್‌ಗೆ ಹೇಳುವುದಿಷ್ಟೇ: ನೀವು ಆ ದಿನವನ್ನು ತಪ್ಪಿಸಲಿಲ್ಲ, ಬರೀ ಮುಂದೂಡಿದಿರಿ, ಅದು ಬಂದೇ ಬರುತ್ತದೆ. ಸ್ಕೈನೆಟ್ಟಿನ ಕೇಂದ್ರವನ್ನು ಒಡೆಯಲೆಂದು ಜಾನ್ ಮತ್ತು ಕೇಟ್ ಬೆಟ್ಟದೊಳಗಿನ ನೆಲೆಯೊಂದನ್ನು ಹೊಕ್ಕರೆ, ಅಲ್ಲಿರುವುದು ಹಳೆಯ ಕಾಲದ ಅಡಗುತಾಣ. ಸ್ಕೈನೆಟ್ಟಿಗೆ ಕೇಂದ್ರವೇ ಇಲ್ಲ, ಅದು ಊರೂರಿನ ಕಂಪ್ಯೂಟರುಗಳಲ್ಲಿ ಹರಡಿಕೊಂಡಿದೆ. ಹೊರಗೆ ಬಾಂಬುಗಳು ಬೀಳುತ್ತವೆ. ಈ ಅಂತ್ಯವನ್ನು ದಿಟ್ಟತನವೆಂದು ಮೆಚ್ಚಿದವರಿದ್ದಾರೆ. ಕೋಟಿಗಟ್ಟಲೆ ಹಣ ಸುರಿದ ಚಿತ್ರವೊಂದು ಹೀಗೆ ಕತ್ತಲಲ್ಲಿ ಮುಗಿಯುವುದು ಅಪರೂಪ, ಆ ಮೆಚ್ಚುಗೆಯಲ್ಲಿ ನ್ಯಾಯವಿದೆ.

ಆದರೆ ಈ ‘ಅನಿವಾರ್ಯ’ ಎಲ್ಲಿಂದ ಬಂತು? ಡೈಸನ್‌ನ ತ್ಯಾಗ ಪೂರ್ತಿ ಫಲಿಸಿದ್ದರೆ ಮೂರನೆಯ ಚಿತ್ರಕ್ಕೆ ಕಥೆಯೇ ಇರುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಗೆ ಪ್ರಳಯ ಬೇಕಾಗಿತ್ತು, ಹಾಗಾಗಿ ಪ್ರಳಯ ಅನಿವಾರ್ಯವಾಯಿತು. 2009ರಲ್ಲಿ, 2015ರಲ್ಲಿ, 2019ರಲ್ಲಿ ಮತ್ತೆ ಮತ್ತೆ ಚಿತ್ರಗಳು ಬಂದವು. ಕ್ಯಾಮರೂನ್ ನಿರ್ಮಾಪಕರಾಗಿ ಮರಳಿದ 2019ರ ಚಿತ್ರದಲ್ಲಿ ಸ್ಕೈನೆಟ್ ಹುಟ್ಟುವುದು ತಪ್ಪಿಹೋಗಿದೆ. ಆದರೆ ಅದರ ಜಾಗಕ್ಕೆ ‘ಲೀಜನ್’ ಎಂಬ ಇನ್ನೊಂದು ಯಂತ್ರಬುದ್ಧಿ ಬರುತ್ತದೆ. ಹೆಸರು ಬದಲಾಯಿತು, ವಿನಾಶ ಮಾತ್ರ ಉಳಿಯಿತು.

‘ತೀರ್ಪಿನ ದಿನ’ ಎಂಬ ಮಾತನ್ನು ಚಿತ್ರ ಧರ್ಮಗ್ರಂಥಗಳಿಂದ ಎರವಲು ಪಡೆದಿದೆ. ನಮ್ಮ ಮನೆಗಳಲ್ಲಿ ಕಯಾಮತ್ ಎಂದರೆ ಮನುಷ್ಯ ತಾನು ಮಾಡಿದ್ದಕ್ಕೆಲ್ಲ ಲೆಕ್ಕ ಕೊಡಬೇಕಾದ ದಿನ. ನೀನೇನು ಮಾಡಿದೆ ಎಂಬ ಪ್ರಶ್ನೆ ಅಲ್ಲಿದೆ. ಎಲ್ಲವೂ ಅನಿವಾರ್ಯವೆಂದ ಮೇಲೆ ಆ ಪ್ರಶ್ನೆಗೆ ಜಾಗವೇ ಇಲ್ಲ. ಮೂರನೆಯ ಚಿತ್ರದ ತೀರ್ಪಿನ ದಿನದಲ್ಲಿ ಬಾಂಬುಗಳಿವೆ, ತೀರ್ಪಿಲ್ಲ.

ಹಾಗೆಂದು ಯಂತ್ರದ ಮಾತನ್ನು ಸುಲಭವಾಗಿ ತಳ್ಳಿಹಾಕಲೂ ಆಗದು. ನಿಜ ಜೀವನದಲ್ಲೂ ಒಬ್ಬ ಡೈಸನ್ ಇದ್ದರು. ಪೋಲೆಂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ದುಡಿಯುತ್ತಿದ್ದರು. ಜರ್ಮನಿ ಬಾಂಬು ತಯಾರಿಸುತ್ತಿಲ್ಲವೆಂದು ಗೊತ್ತಾದಾಗ, 1944ರ ಕೊನೆಯಲ್ಲಿ, ಆತ್ಮಸಾಕ್ಷಿಯ ಮಾತು ಕೇಳಿ ಹೊರಬಂದರು. ಅವರು ಬಂದರೆಂದು ಕೆಲಸ ನಿಲ್ಲಲಿಲ್ಲ. 1945ರ ಆಗಸ್ಟಿನಲ್ಲಿ ಹಿರೋಷಿಮಾ, ನಾಗಾಸಾಕಿಗಳು ಸುಟ್ಟುಹೋದವು. ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ ಎನ್ನುವವರ ಲೆಕ್ಕವೇ ಅಲ್ಲಿ ಸರಿಯಾಯಿತು. ರಾಟ್‌ಬ್ಲಾಟ್ ಸುಮ್ಮನೆ ಕೂರಲಿಲ್ಲ. ಉಳಿದ ಆಯುಷ್ಯವನ್ನು ಅಣ್ವಸ್ತ್ರಗಳ ವಿರುದ್ಧ ವಿಜ್ಞಾನಿಗಳನ್ನು ಒಟ್ಟುಗೂಡಿಸುವುದಕ್ಕೆ ಕೊಟ್ಟರು. 1995ರಲ್ಲಿ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಬಂತು.

ಇನ್ನೊಬ್ಬರ ಕಥೆಯೂ ಇದೆ. 1983ರ ಸೆಪ್ಟೆಂಬರ್ 26ರ ರಾತ್ರಿ, ಮೊದಲ ‘ಟರ್ಮಿನೇಟರ್’ ತೆರೆಗೆ ಬರುವ ಹಿಂದಿನ ವರ್ಷ, ಮಾಸ್ಕೋ ಸಮೀಪದ ಸೋವಿಯತ್ ಎಚ್ಚರಿಕೆ ಕೇಂದ್ರದಲ್ಲಿ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಸೇನಾಧಿಕಾರಿ ಕರ್ತವ್ಯದಲ್ಲಿದ್ದರು. ಅಮೆರಿಕದಿಂದ ಕ್ಷಿಪಣಿಯೊಂದು ಹೊರಟಿದೆ ಎಂದು ಕಂಪ್ಯೂಟರ್ ಹೇಳಿತು. ಮತ್ತೆ ನಾಲ್ಕು ಎಂದಿತು. ನಿಜವಾದ ದಾಳಿಯಾದರೆ ಬರೀ ಐದು ಕ್ಷಿಪಣಿ ಯಾರು ಕಳಿಸುತ್ತಾರೆ ಎಂದು ಯೋಚಿಸಿದ ಪೆಟ್ರೋವ್, ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಮಾಡಿದರು. ಮೋಡಗಳ ಮೇಲೆ ಬಿದ್ದ ಬಿಸಿಲಿನ ಹೊಳಪು ಉಪಗ್ರಹವನ್ನು ಏಮಾರಿಸಿತ್ತು. ಯಂತ್ರ ಹೇಳಿದ್ದನ್ನು ಯಾಂತ್ರಿಕವಾಗಿ ಒಪ್ಪಿಸಿಬಿಡುವ ಮನುಷ್ಯ ಆ ಕುರ್ಚಿಯಲ್ಲಿದ್ದಿದ್ದರೆ ಏನಾಗುತ್ತಿತ್ತೋ.

ಒಬ್ಬರ ನಿರಾಕರಣೆ ಅನಾಹುತವನ್ನು ತಡೆಯಲಿಲ್ಲ, ಇನ್ನೊಬ್ಬರದು ತಡೆಯಲು ನೆರವಾಯಿತು. ನಿರ್ಧಾರ ಮಾಡುವ ಗಳಿಗೆಯಲ್ಲಿ ಇಬ್ಬರಿಗೂ ಫಲ ಗೊತ್ತಿರಲಿಲ್ಲ. ಉರ್ದುವಿನಲ್ಲಿ ತಕ್ದೀರ್, ತದ್ಬೀರ್ ಎಂಬೆರಡು ಮಾತುಗಳನ್ನು ಜೋಡಿಯಾಗಿಯೇ ಆಡುತ್ತಾರೆ. ಒಂದು ಹಣೆಬರಹ, ಇನ್ನೊಂದು ಮನುಷ್ಯ ಮಾಡುವ ಉಪಾಯ, ಪ್ರಯತ್ನ. ಹಣೆಬರಹ ಓದಲು ನಮಗೆ ಬಾರದು. ಬಾರದ್ದರಿಂದಲೇ ಪ್ರಯತ್ನ ನಮ್ಮ ಪಾಲಿಗೆ ಬಂದಿದೆ.

ಯಂತ್ರದ ಮಾತಿನಲ್ಲಿರುವ ‘ಬರೀ ಮುಂದೂಡಿದಿರಿ’ ಎಂಬ ತಾತ್ಸಾರವನ್ನು ಇಲ್ಲಿ ತುಸು ವಿಚಾರಿಸಬೇಕು. ವೈದ್ಯರು ಮಾಡುವುದೇನು? ಸಾವನ್ನು ಯಾರೂ ಗೆದ್ದಿಲ್ಲ, ಮುಂದೂಡುತ್ತಾರೆ. ಗಲ್ಲಿಗೆ ತಡೆಯಾಜ್ಞೆ ತರುವ ವಕೀಲರೂ ಮುಂದೂಡುತ್ತಾರೆ. ವದಂತಿ ಹಬ್ಬಿದ ರಾತ್ರಿ ಎರಡೂ ಕೋಮಿನ ಹಿರಿಯರು ಗಲ್ಲಿಯ ಮೂಲೆಯಲ್ಲಿ ನಿಂತು, ಬಿಸಿರಕ್ತದ ಹುಡುಗರನ್ನು ಮನೆಗೆ ಕಳಿಸಿದರೆ ಅವರು ಗಲಭೆಯನ್ನು ಶಾಶ್ವತವಾಗಿ ಇಲ್ಲವಾಗಿಸುತ್ತಾರೆಯೇ? ಇಲ್ಲ, ಆ ಒಂದು ರಾತ್ರಿಗೆ ತಡೆಯುತ್ತಾರೆ. ಆ ರಾತ್ರಿ ಸುಡದೆ ಉಳಿದ ಅಂಗಡಿಯವನನ್ನು, ಬೆಳಿಗ್ಗೆ ಶಾಲೆಗೆ ಹೊರಟ ಮಗುವನ್ನು ಕೇಳಿದರೆ ಆ ತಡೆ ಚಿಕ್ಕದಲ್ಲ. ಇವರು ಎಂದಾದರೊಂದು ದಿನ ಹೊಡೆದಾಡಿಕೊಳ್ಳುವವರೇ ಎಂದು ಜಗುಲಿಯಲ್ಲಿ ಕೂತು ಭವಿಷ್ಯ ನುಡಿಯುವವರಿಗಿಂತ, ನಿದ್ದೆಗೆಟ್ಟು ಬೀದಿಯಲ್ಲಿ ನಿಂತವರು ದೊಡ್ಡವರು.

ಇಂದು ಬುದ್ಧಿವಂತ ಯಂತ್ರಗಳ ಬಗ್ಗೆಯೂ ಇದೇ ಮಾತು ಕೇಳಿಬರುತ್ತಿದೆ. ಇದು ಬಂದೇ ಬರುತ್ತದೆ, ನಾವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ ಎನ್ನುವವರಿದ್ದಾರೆ. ಈ ಮಾತನ್ನು ಕೇಳಿದಾಗ ಹೇಳುತ್ತಿರುವವರು ಯಾರೆಂದು ನೋಡಬೇಕು. ತಡೆಯುವ ಶಕ್ತಿ ಕೈಯಲ್ಲಿರುವವರೇ ಹಾಗೆನ್ನುತ್ತಿದ್ದರೆ ಅದನ್ನು ಭವಿಷ್ಯವಾಣಿ ಎನ್ನಲಾಗದು, ಅದು ಹೊಣೆ ಜಾರಿಸುವ ಮಾತು.

ಚಿತ್ರದ ಕಾಲಗಣನೆಯಂತೆ 1997ರಲ್ಲಿ ಆಗಬೇಕಿದ್ದ ಪ್ರಳಯ 2004ಕ್ಕೆ ಹೋಯಿತು. ಡೈಸನ್‌ನ ಸಾವಿಗೆ ಮುನ್ನೂರು ಕೋಟಿ ಜನರ ಏಳು ವರ್ಷ ಸಿಕ್ಕಿತು. ಎಷ್ಟು ಮದುವೆ, ಎಷ್ಟು ಹೆರಿಗೆ, ಎಷ್ಟು ಸುಗ್ಗಿ! ಮೂರನೆಯ ಚಿತ್ರ ಇದನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ನಮ್ಮ ನಿರಾಶೆಗೆ ಕಾರಣ ಇದೇ. 1983ರ ಆ ರಾತ್ರಿಯೂ ಮುಂದೂಡಲ್ಪಟ್ಟ ರಾತ್ರಿಯೇ. ಅಣ್ವಸ್ತ್ರಗಳು ಇನ್ನೂ ಇವೆ, ಅಪಾಯವೂ ಇದೆ. ಹಾಗಿದ್ದೂ, ಅಂದಿನಿಂದ ಇಂದಿನವರೆಗೆ ನಾವೆಲ್ಲ ಬದುಕಿರುವುದು ಆ ಮುಂದೂಡಿದ ದಿನಗಳಲ್ಲೇ.