ಯಾರ ನೋವು, ಯಾರ ಅಳತೆ?

ನಿಮ್ಮ ಮನೆಯಲ್ಲಿಯೂ ಅಂಥವರೊಬ್ಬರು ಇರಬಹುದು. ಮುಂಜಾನೆ ಹಾಸಿಗೆಯಿಂದೆದ್ದು ಗೋಡೆ ಹಿಡಿದು ಒಂದು ಕ್ಷಣ ನಿಲ್ಲುವವರು. ಮೆಟ್ಟಿಲನ್ನು ಕಂಡೊಡನೆ ಕಂಬಿಗಾಗಿ ಕೈ ಚಾಚುವವರು. ನೆಲದ ಮೇಲೆ ಕುಳಿತು ಉಣ್ಣುವುದನ್ನು ಬಿಟ್ಟು ವರ್ಷಗಳಾದವರು. ಅವರಿಗೆ ನಾವು ಸಾಮಾನ್ಯವಾಗಿ ಎರಡು ಮಾತುಗಳನ್ನು ಹೇಳುತ್ತೇವೆ. "ಪಾಪ, ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ" ಎಂಬುದು ಒಂದು. "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ಸ್ವಲ್ಪ ಓಡಾಡಿ, ಸರಿಹೋಗುತ್ತೆ" ಎಂಬುದು ಇನ್ನೊಂದು. ಮೊದಲನೆಯದು ಕರುಣೆಯಂತೆ, ಎರಡನೆಯದು ಧೈರ್ಯದ ಮಾತಿನಂತೆ ಕೇಳಿಸುತ್ತದೆ. ಆದರೆ ಎರಡರಲ್ಲಿಯೂ ಒಂದೇ ಕೊರತೆಯಿದೆ. ನೋಯುತ್ತಿರುವವರನ್ನು ನಾವು ಏನನ್ನೂ ಕೇಳಿರುವುದಿಲ್ಲ.

ಇದು ಕೆಲವರ ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 52.8 ಕೋಟಿ ಜನರು ಕೀಲು ಸವೆತದ ಸಂಧಿವಾತದೊಡನೆ ಬದುಕುತ್ತಿದ್ದರು. ಅವರಲ್ಲಿ ನೂರಕ್ಕೆ 60 ಮಂದಿ ಮಹಿಳೆಯರು. ಹೆಚ್ಚಾಗಿ ಬಾಧೆಗೊಳಗಾಗುವುದು ಮೊಣಕಾಲು. ಕೀಲಿನೊಳಗಿನ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಹೆಜ್ಜೆಯಿಟ್ಟಾಗ ಅದುಮಿಕೊಂಡು, ಹೆಜ್ಜೆಯೆತ್ತಿದಾಗ ಸಡಿಲಗೊಂಡು, ಸುತ್ತಲಿನ ಕೀಲುದ್ರವದಿಂದ ಅದು ತನ್ನ ಪೋಷಣೆಯನ್ನು ಹೀರಿಕೊಳ್ಳುತ್ತದೆ. ಕುಳಿತೇ ಇದ್ದರೆ ತೊಡೆಯ ಸ್ನಾಯುಗಳೂ ಸೊರಗಿ, ಅವು ಹೊರಬೇಕಾದ ಭಾರ ಕೀಲಿನ ಮೇಲೆಯೇ ಬೀಳುತ್ತದೆ. ನಾವು ಪ್ರೀತಿಯಿಂದ ಹಾಕಿಕೊಟ್ಟ ಕುರ್ಚಿಯೇ ಕಾಲನ್ನು ಕ್ಷೀಣಗೊಳಿಸಬಹುದು!

ಇದನ್ನು ಮನಗಂಡೇ ಸಂಧಿವಾತವುಳ್ಳವರಿಗಾಗಿ ಸಾಮೂಹಿಕ ನಡಿಗೆಯ ಕಾರ್ಯಕ್ರಮಗಳು ಹುಟ್ಟಿಕೊಂಡವು. ಅಮೆರಿಕದ ಆರ್ಥ್ರೈಟಿಸ್ ಫೌಂಡೇಶನ್ ರೂಪಿಸಿದ 'ವಾಕ್ ವಿತ್ ಈಸ್' ಅಂಥವುಗಳಲ್ಲಿ ಹೆಸರುವಾಸಿಯಾದುದು. ಆರು ವಾರ, ವಾರಕ್ಕೆ ಮೂರು ದಿನ. ಮೊದಲು ಮೈಯನ್ನು ಬೆಚ್ಚಗಾಗಿಸುವ ನಿಧಾನದ ಹೆಜ್ಜೆಗಳು, ಬಳಿಕ ನಡಿಗೆ, ಕೊನೆಯಲ್ಲಿ ಮತ್ತೆ ನಿಧಾನ. ಅದೇ ಮಾದರಿಯನ್ನು ಅನುಸರಿಸಿ, ಮೈಸೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ಹನ್ನೆರಡು ಮಂದಿಯ ಪುಟ್ಟ ತಂಡವೊಂದನ್ನು ನಡೆಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಎಲ್ಲರೂ ವೈದ್ಯರ ಸಲಹೆ ಪಡೆದೇ ಬಂದವರು. ನಡೆಸುವವನಿಗೆ ಬೇಕಾದುದು ಉತ್ಸಾಹ ಎಂದು ನಾನು ನಂಬಿದ್ದೆ.

ಐದನೆಯ ವಾರದ ಒಂದು ಬೆಳಿಗ್ಗೆ, ಅರವತ್ತೈದು ದಾಟಿದ ತಾಯಿಯೊಬ್ಬರು ಮೂರನೆಯ ಸುತ್ತು ಮುಗಿಸಿ, "ಇವತ್ತಿಗೆ ಸಾಕು ಅನ್ನಿಸುತ್ತೆ ಸಾರ್" ಎಂದರು. "ಇನ್ನೊಂದೇ ಸುತ್ತು ಅಮ್ಮ, ನಿಮ್ಮಿಂದ ಆಗುತ್ತೆ" ಎಂದೆ. ಅವರು ನಡೆದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮರುದಿನದಿಂದ ಅವರು ಬರಲಿಲ್ಲ. ಎರಡು ವಾರಗಳ ಬಳಿಕ ಮನೆಗೆ ಹೋದಾಗ ಮೊಣಕಾಲು ಊದಿಕೊಂಡಿತ್ತು. ಕ್ಷಮೆ ಕೇಳಬೇಕಾದವನು ನಾನು, ಕೇಳಿದವರು ಅವರು. "ಅಷ್ಟು ಪ್ರೀತಿಯಿಂದ ಹೇಳಿದ್ರಿ, ಇಲ್ಲ ಅನ್ನೋಕೆ ಆಗ್ಲಿಲ್ಲ" ಎಂದರು.

ಆ ಮಾತು ನನ್ನನ್ನು ಬಹುಕಾಲ ಕಾಡಿತು. ಆ ನಾಲ್ಕನೆಯ ಸುತ್ತು ಯಾರಿಗೆ ಬೇಕಾಗಿತ್ತು? ನನ್ನ ಪುಸ್ತಕದಲ್ಲಿ ವಾರದಿಂದ ವಾರಕ್ಕೆ ಏರುತ್ತಿದ್ದ ಅಂಕಿಗೆ ಬೇಕಾಗಿತ್ತು. ನನ್ನ ಅಂಕಿಯನ್ನು ಅವರ ಒಳಿತೆಂದು ಕರೆದು, ಅದರ ಬೆಲೆಯನ್ನು ಅವರ ಮೊಣಕಾಲಿನಿಂದ ತೆತ್ತಿದ್ದೆ.

ಅನಂತರ ನಾನು ಇನ್ನೊಂದು ತಪ್ಪಿಗೆ ಜಾರಿದೆ. ಯಾರ ಮುಖ ಕೊಂಚ ಕಿವುಚಿದರೂ ಅವರನ್ನು ಕಲ್ಲುಬೆಂಚಿಗೆ ಕಳುಹಿಸತೊಡಗಿದೆ. ಒಂದು ದಿನ, ಬದುಕಿಡೀ ಬೀದಿ ಸುತ್ತಿ ಕಾಗದ ಹಂಚಿದ್ದ ನಿವೃತ್ತ ಅಂಚೆಯಣ್ಣನೊಬ್ಬರು ಬೆಂಚಿನಿಂದೆದ್ದು ಬಂದು, "ನಡೆದೇ ಬದುಕಿದವನು ನಾನು. ನನ್ನ ನೋವೆಷ್ಟು ಅಂತ ನನ್ನನ್ನೇ ಕೇಳಬಹುದಲ್ಲ?" ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಅವಮಾನವಿತ್ತು. ಬಲವಂತದಿಂದ ನಡೆಸಿದಾಗಲೂ ಬಲವಂತದಿಂದ ಕೂರಿಸಿದಾಗಲೂ ನಾನು ಮಾಡಿದ್ದು ಒಂದೇ. ಇನ್ನೊಬ್ಬರ ನೋವಿಗೆ ನನ್ನ ಅಳತೆಗೋಲನ್ನು ಹಿಡಿದಿದ್ದೆ.

ನೋವಿಗೆ ಹೊರಗಿನ ಸಾಕ್ಷಿಗಳು ಕಡಿಮೆ. ಎಕ್ಸ್-ರೇಯಲ್ಲಿ ಸವೆತ ಹೆಚ್ಚಾಗಿ ಕಂಡವರಿಗೆ ನೋವು ಕಡಿಮೆಯಿರಬಹುದು. ಅಲ್ಪ ಸವೆತವುಳ್ಳವರು ರಾತ್ರಿಯೆಲ್ಲ ನರಳಬಹುದು. ಆದುದರಿಂದ ನೋಯುವವರ ಮಾತನ್ನು ನಂಬುವುದು ಉಪಕಾರವಲ್ಲ, ಅದು ಅವರಿಗೆ ಸಲ್ಲಬೇಕಾದ ನ್ಯಾಯ. ಹಾಗೆಂದು ನಂಬಿದ ಮಾತ್ರಕ್ಕೆ ನೋವನ್ನೇ ಕೊನೆಯ ತೀರ್ಪೆಂದು ಒಪ್ಪಿ ಕೈಚೆಲ್ಲಬೇಕಾಗಿಲ್ಲ. ಇಂಥ ನಡಿಗೆಗಳಲ್ಲಿ ಒಂದು ಸರಳ ನಿಯಮವಿದೆ. ನಡೆದು ಎರಡು ಗಂಟೆಯ ಬಳಿಕ ನೋವು ನಡೆಯುವ ಮುಂಚಿಗಿಂತ ಹೆಚ್ಚಾಗಿದ್ದರೆ, ಮುಂದಿನ ಸಲ ಕಡಿಮೆ ನಡೆಯಬೇಕು. ಕೀಲು ಬಿಸಿಯಾಗಿ ಊದಿಕೊಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಡೆಯುವಾಗ ಸರಾಗವಾಗಿ ಮಾತನಾಡಲು ಸಾಧ್ಯವಿದ್ದರೆ ವೇಗ ಹಿತಮಿತವಾಗಿದೆಯೆಂದು ಅರ್ಥ. ಗಮನಿಸಿ, ಈ ನಿಯಮಗಳಲ್ಲಿ ಅಳೆಯುವವರು ನಡೆಯುವವರೇ. ಮುಂದಾಳಿನ ಕೆಲಸ ಅಳತೆಯ ಕ್ರಮವನ್ನು ಕಲಿಸಿ, ಅವರು ಹೇಳಿದ ಉತ್ತರವನ್ನು ಮನ್ನಿಸುವುದು.

ಅಂದಿನಿಂದ ನಮ್ಮ ತಂಡದಲ್ಲಿ ಎರಡು ಬದಲಾವಣೆಗಳಾದವು. ನಾನು ಎಲ್ಲರಿಗಿಂತ ಹಿಂದೆ ನಡೆಯತೊಡಗಿದೆ. ಮುಂದಿದ್ದಾಗ ನನಗೆ ಕಾಣುತ್ತಿದ್ದುದು ದಾರಿ ಮಾತ್ರ. ಹಿಂದಿದ್ದಾಗ ಯಾರು ಕುಂಟುತ್ತಾರೆ, ಯಾರು ಕುಂಟನ್ನು ಮರೆಮಾಚುತ್ತಾರೆ ಎಂಬುದು ಕಂಡಿತು. ಎರಡನೆಯದಾಗಿ, ಸುತ್ತುಗಳನ್ನು ಎಣಿಸುವುದನ್ನು ಬಿಟ್ಟು ನಿಮಿಷಗಳನ್ನು ಎಣಿಸತೊಡಗಿದೆವು. ಇಪ್ಪತ್ತು ನಿಮಿಷದಲ್ಲಿ ಒಬ್ಬರು ಐದು ಸುತ್ತು ಹೋಗಲಿ, ಇನ್ನೊಬ್ಬರು ಎರಡು ಸುತ್ತು ಹೋಗಿ ನಡುವೆ ಕುಳಿತು ದಣಿವಾರಿಸಿಕೊಳ್ಳಲಿ, ಎಲ್ಲರೂ ಒಟ್ಟಿಗೆ ಹೊರಟು ಒಟ್ಟಿಗೆ ಮುಗಿಸುತ್ತಾರೆ. ಹಿಂದುಳಿದವರು ಎಂಬ ಹೆಸರೇ ಅಲ್ಲಿ ಉಳಿಯಲಿಲ್ಲ.

ನಿಧಾನಿಗಳಿಗಾಗಿ ಬಲ್ಲವರು ಏಕೆ ಕಾಯಬೇಕು ಎಂದು ನೀವು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಅಳತೆಯನ್ನು ಬದಲಿಸಿದರೆ ಎಷ್ಟೋ ಕಡೆ ಯಾರೂ ಕಾಯಬೇಕಾಗಿಲ್ಲ ಎಂಬುದನ್ನು ಉದ್ಯಾನ ನಮಗೆ ತೋರಿಸಿತು. ಆದರೂ ಕೆಲವೊಮ್ಮೆ ಕಾಯಲೇಬೇಕಾಗುತ್ತದೆ. ರಸ್ತೆ ದಾಟುವಾಗ, ಬಸ್ಸು ಹತ್ತುವಾಗ, ಮದುವೆಯ ಮನೆಯಲ್ಲಿ ಊಟದ ಪಂಕ್ತಿಗೆ ನಡೆದು ಹೋಗುವಾಗ ಕೆಲವು ನಿಮಿಷಗಳು ನಿಜವಾಗಿಯೂ ನಷ್ಟವಾಗುತ್ತವೆ. ಅದನ್ನು ನಷ್ಟವೆಂದೇ ಒಪ್ಪಿಕೊಂಡು ಕೊಡುವುದು ಲೇಸು. ನಮ್ಮ ಮೊದಲ ಹೆಜ್ಜೆಗಳಿಗಾಗಿ ಬಾಗಿ, ಬೆರಳು ಕೊಟ್ಟು, ತಮ್ಮ ನಡಿಗೆಯನ್ನು ನಿಧಾನಗೊಳಿಸಿದವರು ಅದರ ಲೆಕ್ಕವಿಟ್ಟಿರಲಿಲ್ಲ.

ಆ ತಾಯಿ ಎರಡು ತಿಂಗಳ ಬಳಿಕ ಮರಳಿ ಬಂದರು. ಎಂಟು ನಿಮಿಷ ನಡೆದು, ಗಡಿಯಾರ ನೋಡಿ, ತಾವಾಗಿಯೇ ಬೆಂಚಿನ ಮೇಲೆ ಕುಳಿತರು. "ಇವತ್ತಿಗೆ ಇಷ್ಟೇ ಸಾರ್" ಎಂದರು. "ಸರಿ ಅಮ್ಮ" ಎಂದು ನಾನೂ ಪಕ್ಕದಲ್ಲಿ ಕುಳಿತೆ.

ಓದುಗರೇ, ನಾಳೆ ಬೆಳಿಗ್ಗೆ ನಿಮ್ಮ ಮನೆಯವರು ಗೋಡೆ ಹಿಡಿದು ನಿಂತಾಗ ಕುರ್ಚಿಯನ್ನೂ ಎಳೆಯಬೇಡಿ, ಉಪದೇಶವನ್ನೂ ಹೇಳಬೇಡಿ. "ಇವತ್ತು ನೋವು ಹೇಗಿದೆ? ಎಷ್ಟು ದೂರ ಹೋಗೋಣ?" ಎಂದು ಕೇಳಿ. ಅವರು ಉತ್ತರಿಸುವವರೆಗೆ ಕಾಯಿರಿ. ಚಪ್ಪಲಿಯನ್ನು ಮೆಟ್ಟಿಕೊಂಡು ಸಿದ್ಧರಾಗಿರಿ.