ಶುದ್ಧಿಯಲ್ಲಿ ಹುಟ್ಟುವ ದೋಷ

ಸಂಸ್ಕೃತ ನಿಘಂಟುಗಳು ನೀರಿಗೆ ‘ಜೀವನ’, ‘ಅಮೃತ’ ಎಂಬ ಹೆಸರುಗಳೊಡನೆ ‘ವಿಷ’ವೆಂಬ ಹೆಸರನ್ನೂ ಹೇಳುತ್ತವೆ. ಒಂದೇ ವಸ್ತುವಿಗೆ ಇಂತಹ ವಿರುದ್ಧ ನಾಮಗಳೇಕೆಂದು ಶಂಕಿಸುವವರಿಗೆ ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದ ವೃತ್ತಾಂತವು ವಿಚಾರಯೋಗ್ಯವಾಗಿದೆ.

ಊರಿಗೆ ಒದಗಿಸುವ ನೀರಿನಲ್ಲಿ ಕ್ಲೋರಿನ್ ಬೆರೆಸುವುದು ಕಾಲರಾ, ವಿಷಮಶೀತಜ್ವರಗಳ ಕ್ರಿಮಿಗಳನ್ನು ಕೊಲ್ಲುವುದಕ್ಕಾಗಿ. ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಲ್ಲಿ ಈ ಕ್ರಮವು ನೆಲೆಗೊಂಡಿತು; ಕ್ರಮೇಣ ಲೋಕದಲ್ಲೆಲ್ಲ ಹಬ್ಬಿ ಅಸಂಖ್ಯ ಪ್ರಾಣಗಳನ್ನು ಉಳಿಸಿತು. ಆದರೆ 1974ರಲ್ಲಿ ರಾಟರ್‌ಡ್ಯಾಮಿನ ಜಲಸಂಸ್ಥೆಯ ರಸಾಯನಜ್ಞರಾದ ಯೋಹಾನೆಸ್ ರೋಕ್ ಅವರು ಒಂದು ಸಂಗತಿಯನ್ನು ಪ್ರಕಟಿಸಿದರು. ಎಲೆ ಕಡ್ಡಿಗಳು ಕೊಳೆತು ನೀರಿಗೆ ಇಳಿದ ಸಾರದೊಡನೆ ಕ್ಲೋರಿನ್ ಕೂಡಿದಾಗ ಕ್ಲೋರೋಫಾರಂ ಮೊದಲಾದ ದ್ರವ್ಯಗಳು ಉಂಟಾಗುತ್ತವೆ. ಅವು ನದಿಯಿಂದ ಬಂದುವಲ್ಲ. ಶುದ್ಧಿಯ ಕ್ರಿಯೆಯಲ್ಲಿಯೇ ಜನಿಸಿದುವು. ಅಧಿಕ ಪ್ರಮಾಣದ ಕ್ಲೋರೋಫಾರಂ ಇಲಿಗಳಲ್ಲಿ ಅರ್ಬುದರೋಗವನ್ನು ತರುವುದೆಂದು 1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ತಿಳಿಸಿತು.

ಇಲ್ಲಿ ಧರ್ಮಜಿಜ್ಞಾಸೆಯೊಂದು ಏಳುತ್ತದೆ. ಉಪಕಾರದಿಂದಲೇ ಅಪಕಾರವು ಹುಟ್ಟಿದರೆ ಆ ಉಪಕಾರವನ್ನು ತ್ಯಜಿಸಬೇಕೆ? ತ್ಯಜಿಸುವುದು ಅವಿವೇಕ. ಕ್ರಿಮಿಗಳ ಕೇಡು ನಾಳೆಯೇ ಮನೆಬಾಗಿಲಿಗೆ ಬರುವುದು. ಅರ್ಬುದದ ಶಂಕೆ ದೀರ್ಘಕಾಲದ್ದು, ಅಲ್ಪವಾದುದು. ಆದಕಾರಣವೇ ವಿಶ್ವ ಆರೋಗ್ಯ ಸಂಸ್ಥೆಯು, ಈ ದ್ರವ್ಯಗಳನ್ನು ತಗ್ಗಿಸುವ ಭರದಲ್ಲಿ ಕ್ರಿಮಿನಾಶನವನ್ನು ಸಡಿಲಿಸಲಾಗದೆಂದು ವಿಧಿಸಿದೆ.

ಹಾಗಾದರೆ ದೊಡ್ಡ ಕೇಡನ್ನು ತಡೆದವರು ಸಣ್ಣ ಕೇಡನ್ನು ಮರೆಮಾಡಬಹುದೆ? ಅದೂ ಸಲ್ಲದು. ಕುಡಿಯುವವನ ಕಣ್ಣಿಗೆ ನೀರಿನೊಳಗಿನದು ಕಾಣದು. ಕೊಡುವವನನ್ನು ನಂಬಿ ಅವನು ಕುಡಿಯುತ್ತಾನೆ. ನಂಬಿದವನಿಂದ ಬಚ್ಚಿಡುವುದು ವಂಚನೆಯಲ್ಲದೆ ಮತ್ತೇನು? ರೋಕ್ ಅವರು ತಾವು ದುಡಿಯುವ ಸಂಸ್ಥೆಯ ನೀರಿನ ದೋಷವನ್ನೇ ಲೋಕದ ಮುಂದಿಟ್ಟರು. ಸತ್ಯನಿಷ್ಠವಾದ ಕಾಯಕಕ್ಕೆ ಇದು ನಿದರ್ಶನ. ಆ ನುಡಿಯು ವ್ಯರ್ಥವಾಗಲಿಲ್ಲ. ಅಮೆರಿಕವು 1979ರಲ್ಲಿ ದೊಡ್ಡ ಊರುಗಳ ನೀರಿನಲ್ಲಿ ಈ ದ್ರವ್ಯಗಳಿಗೆ ಲೀಟರಿಗೆ 100 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಭಾಗದ ಮಿತಿಯನ್ನು ಗೊತ್ತುಮಾಡಿತು. 1998ರಲ್ಲಿ ಅದನ್ನು 80ಕ್ಕೆ ಇಳಿಸಿತು.

ಇನ್ನು ಪರಿಹಾರ. ಕೊಳೆತ ಸಾರವನ್ನು ಮೊದಲು ತಿಳಿಗೊಳಿಸಿ, ಸೋಸಿ ತೆಗೆದು, ಬಳಿಕ ಬೇಕಾದಷ್ಟೇ ಕ್ಲೋರಿನ್ ಬೆರೆಸಿದರೆ ದೋಷವು ಬಹುಮಟ್ಟಿಗೆ ತಗ್ಗುತ್ತದೆ. ದೋಷದ ಬೀಜವು ಮದ್ದಿನಲ್ಲಿ ಮಾತ್ರವೇ ಇರಲಿಲ್ಲ. ಒಳಗೆ ಉಳಿದ ಕೊಳೆಯಲ್ಲಿಯೂ ಇತ್ತು. ಮನುಷ್ಯನ ನಡೆಯೂ ಹೀಗೆಯೇ. ಅಂತರಂಗದ ಕಲ್ಮಷವನ್ನು ಕಳೆಯದೆ ಆಚಾರವನ್ನು ಮೇಲೆ ಹೇರಿಕೊಂಡವನಲ್ಲಿ ಆ ಆಚಾರವೇ ಅಹಂಕಾರವಾಗಿ ಪರಿಣಮಿಸುವುದು. ಅದಕ್ಕಾಗಿ ಆಚಾರವನ್ನು ಬಿಡುವುದು ಸಲ್ಲದು. ಒಳಗಿನ ಕೊಳೆಯನ್ನು ಮೊದಲು ತೆಗೆಯುವುದೇ ವಿವೇಕಿಗಳ ಮಾರ್ಗ.